ಕೊನೇ ಕೋಣೆಯ ಬಿಸಿನೀರು

"ಅಯ್ಯಯ್ಯೋ!"

ದಿಂಬಕ್ಕ ನಲ್ಲಿಯ ಕೆಳಗಿಟ್ಟ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಬೆರಳುಗಳು ಚುರುಗುಟ್ಟಿದವು. ತೊಟ್ಟಿಯೊಳಕ್ಕೆ ಬೀಳುತ್ತಿದ್ದ ನೀರಿನಿಂದ ಹಬೆ ಏಳುತ್ತಿತ್ತು.

ಅವಳು ಕೂಗಿದ್ದು ಕೈ ಸುಟ್ಟಿತೆಂದಲ್ಲ. ಬಿಸಿನೀರು ತಿರುಗಿಸಿದ ಕೂಡಲೇ ಬಂತಲ್ಲ, ಅದಕ್ಕೆ.

ಈ ಹೋಟೆಲಿನ ಮೂರನೇ ಮಹಡಿಯ ಕೊನೇ ಕೋಣೆಯಲ್ಲಿ ಬಿಸಿನೀರು ಹಾಗೆಲ್ಲ ಬರುವುದಿಲ್ಲ. ಬಾಯ್ಲರ್ ಇರುವುದು ಕಟ್ಟಡದ ಆ ತುದಿಯ ನೆಲಮಾಳಿಗೆಯಲ್ಲಿ. ನೀರು ಅಲ್ಲಿಂದ ಹೊರಟು, ಮಹಡಿಗಳನ್ನೆಲ್ಲ ಹತ್ತಿ, ಉದ್ದನೆಯ ವರಾಂಡ ದಾಟಿ ಇಲ್ಲಿಗೆ ತಲುಪುವಷ್ಟರಲ್ಲಿ ಹಲ್ಲುಜ್ಜಿ, ಮುಖ ತೊಳೆದು, ಮ್ಯಾನೇಜರಿಗೆ ನಾಲ್ಕು ಮಾತು ಬೈದೂ ಮುಗಿದಿರುತ್ತದೆ. ಹೋಟೆಲು ಗೊತ್ತುಮಾಡಲು ಬಂದಿದ್ದಾಗ ದಿಂಬಕ್ಕ ಸರಿಯಾಗಿ ಬೈದೂ ಇದ್ದಳು. "ವಯಸ್ಸಾದೋರು ಚಳೀಲಿ ನಡುಗ್ತಾ ನಿಂತಿರ್ಬೇಕಾ?" ಎಂದಿದ್ದಕ್ಕೆ ಮ್ಯಾನೇಜರ್, "ಹಳೇ ಮನೆ ಮೇಡಂ. ಪೈಪು ಬದಲಾಯಿಸೋಕೆ ಗೋಡೆ ಒಡೀಬೇಕು, ಈ ಬೀದೀಲಿ ಗೋಡೆ ಮುಟ್ಟೋಕೂ ಅಪ್ಪಣೆ ಬೇಕು" ಎಂದು ಗೋಗರೆದಿದ್ದ.

ಈಗ ಮಹಡಿ ಪೂರ್ತಿ ಖಾಲಿ. ಪೊಲೀಸರು ಪ್ರವಾಸಿಗಳನ್ನೆಲ್ಲ ಬೇರೆ ಹೋಟೆಲಿಗೆ ಸಾಗಿಸಿದ್ದರು. ನಿನ್ನೆಯಿಂದ ಇಲ್ಲಿ ಯಾರೂ ಒಂದು ಲೋಟ ನೀರೂ ಹಿಡಿದಿಲ್ಲ. ಹಾಗಿದ್ದ ಮೇಲೆ ಪೈಪಿನೊಳಗೆ ಸುಡುಸುಡು ನೀರು ಎಲ್ಲಿಂದ ಬಂತು?

ಯಾರೋ ಇದೇ ಪೈಪಿನಿಂದ ಈಗತಾನೇ ಬಿಸಿನೀರು ಬಿಟ್ಟುಕೊಂಡಿದ್ದಾರೆ. ಬೇರೆ ದಾರಿಯೇ ಇಲ್ಲ.

ಅವಳು ನಲ್ಲಿ ಮುಚ್ಚಿ, ಉಸಿರು ಬಿಗಿಹಿಡಿದು, ಗೋಡೆಗೆ ಕಿವಿ ಕೊಟ್ಟಳು.

ಅವಳಿಗೆ ಆ ಕ್ಷಣದಲ್ಲಿ ಬೇಕಿದ್ದದ್ದು ಒಂದೇ: ತಮ್ಮ ಹೊರಗೆ ಬರಬೇಕು. ತಮ್ಮನೆಂದರೆ ಪುಟ್ಟ. ಪ್ರವಾಸಿ ಕಂಪನಿಯ ಗೈಡು. ಮುಖದ ತುಂಬ ಗಡ್ಡ ಬಂದಿದ್ದರೂ ಅವಳ ಬಾಯಲ್ಲಿ ಪುಟ್ಟನೇ. ಅವನು ಕರೆತಂದ ತಂಡದಲ್ಲಿದ್ದ ಟೀಚರಮ್ಮ, ಎಂಬತ್ತರ ಹತ್ತಿರದ ಒಂಟಿ ಹೆಂಗಸು, ಇದೇ ಕೊನೇ ಕೋಣೆಯಿಂದ ಕಾಣೆಯಾಗಿದ್ದರು. ಹಾಸಿಗೆಯ ಮೇಲೆ ರಕ್ತ. ಪುಟ್ಟನ ಅಂಗಿಯ ಮೇಲೂ ರಕ್ತ. ಟೀಚರಮ್ಮನನ್ನು ಕೊಂದು ಹೆಣ ಎಲ್ಲೋ ಅಡಗಿಸಿದ್ದಾನೆ ಎಂದು ಪೊಲೀಸರು ಅವನನ್ನು ಒಳಗೆ ಹಾಕಿದ್ದರು. ಪುಣ್ಯಾತ್ಮ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ತುಟಿ ಹೊಲಿದುಕೊಂಡವನ ಹಾಗೆ ಕೂತುಬಿಟ್ಟಿದ್ದ.

"ಏನಾಯ್ತೋ ಹೇಳೋ, ನನ್ನಪ್ಪಾ" ಎಂದು ಕಂಬಿ ಹಿಡಿದು ಬೇಡಿಕೊಂಡಿದ್ದಳು. ಅವನು ಅಕ್ಕನ ಮುಖವನ್ನೇ ನೋಡಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವನಿಗೆ ತಲೆ ಬಾಚಿ, ಶಾಲೆಗೆ ಕಳಿಸಿ, ಜ್ವರ ಬಂದಾಗ ಮಗ್ಗುಲಲ್ಲಿ ಕೂತು ಸಾಕಿದವಳು ಇವಳೇ ತಾನೆ?

ಇನ್ನು ಈ ದಿಂಬಕ್ಕ ಎನ್ನುವ ಹೆಸರು. ಅದೇ ಪ್ರವಾಸಿ ಕಂಪನಿಗೆ ಹೋಟೆಲುಗಳನ್ನು ಆರಿಸುವುದು ಅವಳ ಕೆಲಸ. ಕೋಣೆಯೊಳಕ್ಕೆ ಕಾಲಿಟ್ಟವಳು ಕಿಟಕಿ ನೋಡುವುದಿಲ್ಲ, ಗೋಡೆಯ ಚಿತ್ರ ನೋಡುವುದಿಲ್ಲ, ನೇರವಾಗಿ ದಿಂಬು ಹಿಸುಕುತ್ತಾಳೆ. ಆಮೇಲೆ ನಲ್ಲಿ. ಆಮೇಲೆ ದೀಪ ಆರಿಸಿ, ಚಪ್ಪಲಿ ಬಿಟ್ಟು ಮಲಗಿ, ಏನೇನು ಸದ್ದು ಕೇಳುತ್ತದೆ ಎಂದು ಆಲಿಸುತ್ತಾಳೆ. ಎಷ್ಟೋ ಸಲ ಅಲ್ಲೇ ಗೊರಕೆ ಹೊಡೆದು ಮ್ಯಾನೇಜರುಗಳನ್ನು ಪೇಚಿಗೆ ಸಿಕ್ಕಿಸಿದ್ದೂ ಉಂಟು.

ಹೋಟೆಲಿನ ದಿಂಬುಗಳು ಯಾವಾಗಲೂ ಬೆಟ್ಟದಂತೆ ಉಬ್ಬಿರುತ್ತವೆ, ವಯಸ್ಸಾದವರ ಕುತ್ತಿಗೆಗೆ ಆಗಿಬರುವುದಿಲ್ಲ ಎಂಬುದು ಅವಳ ವಾದ. ಆದ್ದರಿಂದ ಒಂಟಿಯಾಗಿ ಬರುವ ಮುದುಕಿಯರಿಗೆ ಮನೆಯಲ್ಲಿ ತಾನೇ ಹೊಲಿದ ತೆಳು ಹತ್ತಿ ದಿಂಬನ್ನು ಬಸ್ಸಿನಲ್ಲಿ ಕಳಿಸುವುದು ಅವಳ ಪದ್ಧತಿ. ಕಂಪನಿಯ ಬಸ್ಸು ಓಡಿಸುವವನು ಅವಳ ಗಂಡನೇ. ಗಂಡ ಬಸ್ಸಿನಿಂದ ಇಳಿಸಿಕೊಟ್ಟರೆ ಕೋಣೆಗೆ ಮುಟ್ಟಿಸುವವನು ತಮ್ಮ. ಮನೆಮಂದಿಯೆಲ್ಲ ಸೇರಿ ಪ್ರವಾಸ ನಡೆಸುವವರು ಎಂದು ಕಂಪನಿಯಲ್ಲಿ ತಮಾಷೆ ಮಾಡುತ್ತಿದ್ದರು.

ಈ ಹೋಟೆಲನ್ನು ಆರಿಸಲು ಅವಳು ದೊಡ್ಡ ಜಗಳವನ್ನೇ ಆಡಿದ್ದಳು. ಊರ ಹೊರಗಿನ ಹೊಸ ಹೋಟೆಲುಗಳಲ್ಲಿ ಕೋಣೆ ದೊಡ್ಡದು, ಲಿಫ್ಟು ಇದೆ, ಬಸ್ಸು ಬಾಗಿಲ ತನಕ ಬರುತ್ತದೆ ಎಂದು ಕಂಪನಿಯವರ ಹಟ. "ಐನೂರು ವರ್ಷದ ಊರು ನೋಡೋಕೆ ಬಂದೋರು ದಿನದ ಅರ್ಧ ಬಸ್ಸಲ್ಲಿ ಕೂತಿರ್ಬೇಕಾ? ಊರ ನಡುವೆ ಇಳಿಸಿ, ಬಾಗಿಲು ತೆಗೆದ್ರೆ ಕಾಲಡೀಲಿ ಊರಿರಲಿ" ಎಂದು ಇವಳ ಹಟ. ನಡುಪೇಟೆಯಲ್ಲಿ ಇದ್ದದ್ದೇ ಮೂರು ನಾಲ್ಕು. ಚೌಕದ ಮೇಲಿನದಕ್ಕೆ ನೋಟ ಚೆಂದ, ಆದರೆ ಗಡಿಯಾರದ ಗೋಪುರ ತಲೆಯ ಮೇಲೇ ಢಣಢಣ ಬಾರಿಸುತ್ತದೆ. ಕೋಟೆಗೋಡೆಯ ಪಕ್ಕದ್ದು ಏರು, ಮುದುಕರು ಹತ್ತಲಾರರು. ಕೊನೆಗೆ ಉಳಿದದ್ದು ಚೌಕದ ಹಿಂದಿನ ಕಲ್ಲುಹಾಸಿನ ಗಲ್ಲಿಯ ಈ ಹೋಟೆಲು. ಎರಡು ಹಳೇ ಮನೆಗಳ ನಡುಗೋಡೆ ಒಡೆದು ಒಂದು ಮಾಡಿದ್ದು. ಅದಕ್ಕೇ ಪ್ರತಿ ವರಾಂಡದ ಮಧ್ಯದಲ್ಲೂ ಎಡವಿ ಬೀಳಲೆಂದೇ ಇಟ್ಟ ಹಾಗೆ ಒಂದು ಮೆಟ್ಟಿಲು.

ಕೊನೇ ಕೋಣೆಯಲ್ಲಿ ಸದ್ದೇ ಇಲ್ಲ. ಅದನ್ನು ಟೀಚರಮ್ಮನಿಗೆ ಕೊಡಿ ಎಂದು ಹೇಳಿದವಳು ಅವಳೇ.

ಈಗ ಆ ಸದ್ದಿಲ್ಲದ ಕೋಣೆಯ ಗೋಡೆಯೊಳಗಿಂದ "ಡುಬ್" ಎಂದು ಪೈಪು ಗುದ್ದಿತು. ಆ ಕಡೆ ಯಾರೋ ನಲ್ಲಿ ಮುಚ್ಚಿದ್ದರು.

ಆ ಕಡೆ ಅಂದರೆ ಎಲ್ಲಿ? ಆ ಕಡೆ ಕೋಣೆಯೇ ಇಲ್ಲವಲ್ಲ!

*

ವರಾಂಡಕ್ಕೆ ಓಡಿಬಂದರೆ ಮ್ಯಾನೇಜರ್ ಅಲ್ಲೇ ನಿಂತಿದ್ದ. ಬಟ್ಟೆ ಒಗೆಯುವವರ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದ. ವರಾಂಡದ ತುದಿಯ ಗೋಡೆಯಲ್ಲಿದ್ದ ಆ ಆಳೆತ್ತರದ ಕಪಾಟನ್ನು ದಿಂಬಕ್ಕ ಮೊದಲ ಸಲ ಬಂದಾಗಲೂ ನೋಡಿದ್ದಳು. ಒಗೆದ ಹಾಸು, ಹೊದಿಕೆ ಇಡುವ ಜಾಗ ತಾನೆ ಎಂದು ತೆರೆಸಿರಲಿಲ್ಲ. ಅತಿಥಿ ಮಲಗುವ ಕಡೆಯೆಲ್ಲ ಮೂಗು ತೂರಿಸುವವಳು, ಅತಿಥಿ ಕಾಲಿಡದ ಕಡೆ ತಲೆಯನ್ನೇ ಹಾಕುವುದಿಲ್ಲ. ಹೋಟೆಲು ಆರಿಸುವವರೆಲ್ಲರ ಕುರುಡೂ ಅದೇ.

"ಮ್ಯಾನೇಜರೇ, ಈ ಕಪಾಟಿನ ಹಿಂದೆ ಏನಿದೆ?"

"ಗೋಡೆ ಮೇಡಂ."

"ಗೋಡೆ ಸ್ನಾನ ಮಾಡುತ್ತಾ?"

ಮ್ಯಾನೇಜರ್ ಮುಖದಲ್ಲಿ ರಕ್ತವೇ ಇಂಗಿಹೋಯಿತು. ಬಡಕಲು ಮನುಷ್ಯ, ಕೊರಳಿಗೆ ಟೈ ಬಿಗಿದಿದ್ದು ಬೀಳದಿರಲಿ ಎಂದೇ ಇರಬೇಕು. ಬೆಳಿಗ್ಗೆಯಿಂದಲೂ ಅವನ ನಡವಳಿಕೆ ವಿಚಿತ್ರವಾಗಿತ್ತು. ಲಿಫ್ಟಿಲ್ಲದ ಹೋಟೆಲಿನಲ್ಲಿ ಅವಳಿಗೆ ಬೆನ್ನು ಕೊಟ್ಟು ಮುಂದೆ ಮೆಟ್ಟಿಲು ಹತ್ತಲು ಒಲ್ಲೆನೆಂದಿದ್ದ. ಕೋಣೆಯೊಳಗೆ ಅವಳೊಬ್ಬಳೇ ಇರುವಾಗ ಹೊಸಿಲು ದಾಟಿರಲಿಲ್ಲ. ಅವಳು ಅಭ್ಯಾಸಬಲದಿಂದ ದಿಂಬಿಗೆ ಕೈ ಹಾಕಿದಾಗ, "ಅದನ್ನ ಮುಟ್ಬೇಡಿ!" ಎಂದು ಕಿರುಚಿಯೇಬಿಟ್ಟಿದ್ದ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಅವಳು ಅಂದುಕೊಂಡಿದ್ದಳು. ಈಗ ಖಾತ್ರಿಯಾಯಿತು.

"ನೀವೇ ಟೀಚರಮ್ಮನ್ನ ಏನೋ ಮಾಡಿದೀರ. ಮಾಡಿ ನನ್ನ ತಮ್ಮನ ತಲೆಗೆ ಕಟ್ಟಿದೀರ. ಒಳಗೆ ಯಾರಿದಾರೆ? ನಿಮ್ಮ ಜೊತೆಗಾರನಾ? ತೆಗೀರಿ!"

"ತೆಗಿಯಲ್ಲ."

"ಯಾಕೆ ತೆಗಿಯಲ್ಲ?"

"ನಿಮ್ಮ ಮುಂದೆ ತೆಗಿಯಲ್ಲ" ಎಂದ ಮ್ಯಾನೇಜರ್. ಕಾಲು ಕದಲಲಿಲ್ಲ. "ಪ್ರಾಣ ಹೋದ್ರೂ ಸರಿ. ನಾನು ಮಾತು ಕೊಟ್ಟಿದೀನಿ."

"ಯಾರಿಗೆ ಕೊಟ್ರಿ ಮಾತು?"

ಅವನು ಕಪಾಟಿಗೆ ಇನ್ನಷ್ಟು ಒತ್ತಿಕೊಂಡ. ದಿಂಬಕ್ಕನಿಗೆ ಸಿಟ್ಟು ನೆತ್ತಿಗೇರಿತು. ಟೈ ಹಿಡಿದು ಜಗ್ಗಿದಳು. ಮ್ಯಾನೇಜರ್ "ಕೊಲ್ತಾಳೆ! ಸಾರ್, ಬನ್ನಿ, ಕೊಲ್ತಾಳೆ!" ಎಂದು ಬೊಬ್ಬೆ ಹೊಡೆದ.

ಕೆಳಗಿನ ಮಹಡಿಯಲ್ಲಿ ಕಾಫಿ ಕುಡಿಯುತ್ತಿದ್ದ ಇನ್ಸ್‌ಪೆಕ್ಟರ್ ಲೋಟ ಹಿಡಿದೇ ದಡದಡ ಮೇಲೆ ಬಂದರು. ವರಾಂಡದ ನಡುವಿನ ಮೆಟ್ಟಿಲು ಎಡವಿ, ಅರ್ಧ ಕಾಫಿಯನ್ನು ಅಂಗಿಗೆ ಕುಡಿಸಿ, "ಯಾವನಯ್ಯಾ ಈ ಮೆಟ್ಲು ಕಟ್ಟಿದೋನು!" ಎಂದು ಗುಡುಗಿದರು. ಆಮೇಲೆ ಟೈ ಹಿಡಿದ ಹೆಂಗಸನ್ನೂ ಟೈಗೆ ಸಿಕ್ಕಿದ ಗಂಡಸನ್ನೂ ನೋಡಿ ಸುಮ್ಮನಾದರು.

"ಸಾರ್, ಇದರ ಹಿಂದೆ ಯಾರೋ ಇದಾರೆ. ಬಿಸಿನೀರು ಬಿಟ್ಕೊಂಡಿದಾರೆ."

"ಏನಮ್ಮಾ, ನಮ್ಮೋರು ಇದನ್ನ ಆಗ್ಲೇ ನೋಡಿದಾರೆ. ಬರೀ ದುಪ್ಪಟಿ."

"ದುಪ್ಪಟಿ ತೆಗೆದು ನೋಡಿದ್ರಾ?"

ಇನ್ಸ್‌ಪೆಕ್ಟರ್ ಲೋಟವನ್ನು ಕಿಟಕಿಯ ಮೇಲಿಟ್ಟರು. ಉತ್ತರ ಅವರ ಕಿವಿಯ ಕೆಂಪಿನಲ್ಲೇ ಇತ್ತು. "ತೆಗೆಯಯ್ಯಾ" ಎಂದರು ಮ್ಯಾನೇಜರಿಗೆ. ಪೊಲೀಸರ ಮುಂದೆ ಅವನ ಮಾತು ನಡೆಯಲಿಲ್ಲ. ಕಪಾಟಿನ ಬಾಗಿಲು ತೆರೆದ. ಮಡಿಸಿಟ್ಟ ಹಾಸುಗಳನ್ನು ನೆಲಕ್ಕಿಳಿಸಿದ. ಹಲಗೆಗಳನ್ನು ಒಂದೊಂದಾಗಿ ಎಳೆದ. ಹಿಂದೆ ಗೋಡೆಯಿರಲಿಲ್ಲ. ಹಳೇ ಕಾಲದ ಒಂಟಿ ಬಾಗಿಲು ಇತ್ತು.

"ಮೊದಲಿನ ಯಜಮಾನರ ಕೋಣೆ ಸಾರ್" ಎಂದ ಮ್ಯಾನೇಜರ್. "ಬೆಂಕಿ ಬಿದ್ರೆ ಓಡೋಕೆ ಬೇರೆ ದಾರಿ ಇಲ್ಲ ಅಂತ ನಗರಸಭೆಯೋರು ಯಾರಿಗೂ ಕೊಡಕೂಡದು ಅಂದಿದ್ರು. ಯಾರನ್ನಾದ್ರೂ ಇರಿಸಿದ್ದು ಗೊತ್ತಾದ್ರೆ ಹೋಟೆಲಿಗೇ ಬೀಗ. ಅದಕ್ಕೇ ಹೇಳ್ಲಿಲ್ಲ. ಅದಕ್ಕೊಂದೇ ಅಲ್ಲ..." ಎಂದು ದಿಂಬಕ್ಕನ ಕಡೆ ಓರೆಗಣ್ಣು ಹಾಯಿಸಿದ.

ದಿಂಬಕ್ಕ ತಡೆಯಲಾರದೆ ಬಾಗಿಲು ಬಡಿದಳು. "ಯಾರ್ರೀ ಒಳಗೆ? ತೆಗೀರಿ!"

ಒಳಗೆ ಏನೋ ಬಿದ್ದ ಸದ್ದು. ಆಮೇಲೆ ಒಂದು ಮುದಿ ಧ್ವನಿ, ನಡುಗುತ್ತಿದ್ದರೂ ಗಟ್ಟಿಯಾದ ಧ್ವನಿ. ಇಡೀ ಜನ್ಮ ತರಗತಿಗಳನ್ನು ಸುಮ್ಮನಿರಿಸಿದ್ದ ಧ್ವನಿ.

"ಯಾರದು?"

ದಿಂಬಕ್ಕನಿಗೆ ಗುರುತು ಸಿಕ್ಕಿತು. ಕೋಣೆ ಹಂಚುವ ಮೊದಲು ಫೋನಿನಲ್ಲಿ ಎಷ್ಟೋ ಹೊತ್ತು ಮಾತಾಡಿದ್ದ ಧ್ವನಿ ಅದು. ಸತ್ತಿದ್ದಾರೆಂದು ಊರೆಲ್ಲ ನಂಬಿದ್ದ ಧ್ವನಿ.

"ಟೀಚರಮ್ಮಾ! ನೀವು... ಬದುಕಿದೀರಾ? ಅಯ್ಯೋ ದೇವರೇ! ನಾನಮ್ಮಾ, ದಿಂಬಕ್ಕ! ನಿಮ್ಮ ಗೈಡಿನ ಅಕ್ಕ!"

ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಸತ್ತವರು ಬದುಕಿದ್ದರೆ ಕೊಂದವನೇ ಇಲ್ಲ. ಕೊಂದವನಿಲ್ಲದಿದ್ದರೆ ಪುಟ್ಟ ಸಂಜೆಗೆ ಮನೆಯಲ್ಲಿರುತ್ತಾನೆ!

ಬಾಗಿಲ ಆ ಕಡೆ ಚಿಲಕ ಸರಿಯುವ ಸದ್ದಾಯಿತು. ತೆರೆಯುವ ಸದ್ದಲ್ಲ, ಇನ್ನೊಂದು ಚಿಲಕವನ್ನೂ ಹಾಕಿಕೊಳ್ಳುವ ಸದ್ದು.

"ಹೋಗು ಇಲ್ಲಿಂದ" ಎಂದರು ಟೀಚರಮ್ಮ. "ನಿನಗೆ ಮಾತ್ರ ತೆಗಿಯಲ್ಲ. ಯಾರು ಬಂದ್ರೂ ಸರಿ, ನಮ್ಮಕ್ಕ ಬಂದ್ರೆ ಮಾತ್ರ ತೆಗೀಬೇಡಿ ಅಂತ ನಿನ್ನ ತಮ್ಮನೇ ಹೇಳಿ ಹೋಗಿದಾನೆ."

*

ಆಮೇಲಿನದೆಲ್ಲ ದಿಂಬಕ್ಕನಿಗೆ ನೀರೊಳಗೆ ಮುಳುಗಿ ಕೇಳಿದ ಹಾಗೆ ಕೇಳಿಸಿತು. ಇನ್ಸ್‌ಪೆಕ್ಟರ್ ತಾವು ಯಾರೆಂದು ಹೇಳಿದರು. ಗೈಡು ನಿಮ್ಮನ್ನೇ ಕೊಂದನೆಂದು ಲಾಕಪ್ಪಿನಲ್ಲಿದ್ದಾನೆ ಎಂದರು. "ಏನಂದ್ರಿ? ಲಾಕಪ್ಪಲ್ಲಾ?" ಎಂದು ಒಳಗಿನ ಧ್ವನಿ ಕೂಗಿತು. ಎರಡು ಚಿಲಕವೂ ಒಟ್ಟಿಗೇ ಸರಿದವು.

ಟೀಚರಮ್ಮ ಹೊರಗೆ ಬಂದರು. ಒದ್ದೆ ಕೂದಲು, ಹೆಗಲ ಮೇಲೆ ಟವೆಲು, ಕೆಳತುಟಿ ಬಾತು ನೀಲಿಗಟ್ಟಿತ್ತು. ಮೊದಲು ಮ್ಯಾನೇಜರಿಗೆ ಶಾಸ್ತಿಯಾಯಿತು. "ಆ ಹುಡುಗ ಹೊರಗಡೆ ಓಡಾಡಿ ಸುಳಿವು ಹುಡುಕ್ತಿದಾನೆ ಅಂದ್ಯಲ್ಲೋ! ಊಟ ತಂದಾಗೆಲ್ಲ ಅದೇ ಸುಳ್ಳು ಹೇಳಿದ್ಯಲ್ಲೋ!"

"ನಿಮಗೆ ತಿಳಿದ್ರೆ ನೀವು ಹೊರಗೆ ಬಂದ್ಬಿಡ್ತೀರ ಅಂತ, ಪೊಲೀಸರು ಕರ್ಕೊಂಡು ಹೋಗುವಾಗ ಅವನೇ ಹಾಗೆ ಹೇಳು ಅಂದಿದ್ದ" ಎಂದು ಮ್ಯಾನೇಜರ್ ತಲೆ ತಗ್ಗಿಸಿದ.

"ಏನಾಯ್ತಮ್ಮಾ ಮೊನ್ನೆ ಸಾಯಂಕಾಲ?" ಎಂದರು ಇನ್ಸ್‌ಪೆಕ್ಟರ್.

ಟೀಚರಮ್ಮ ಗೋಡೆಗೊರಗಿ, ದಿಂಬಕ್ಕನಿಂದ ಆದಷ್ಟು ದೂರ ನಿಂತು ಹೇಳಿದರು. ತಂಡದವರೆಲ್ಲ ಚೌಕಕ್ಕೆ ಹೋಗಿದ್ದರು. ಕಾಲು ನೋವೆಂದು ಅವರೊಬ್ಬರೇ ಉಳಿದಿದ್ದರು. ಮಬ್ಬುಗತ್ತಲು, ದೀಪ ಹಾಕಿರಲಿಲ್ಲ, ಜೊಂಪು ಹತ್ತಿತ್ತು. ಬಾಗಿಲು ತೆರೆದು ಗಂಡಸೊಬ್ಬ ಬಂದ. "ದಿಂಬಕ್ಕ ದಿಂಬು ಕಳಿಸಿದಾರೆ" ಎಂದು ಪಿಸುಗುಟ್ಟಿದ.

"ನಂಗೆ ದಿಂಬು ಬೇಡ, ನಾನು ದಿಂಬಿಲ್ಲದೇ ಮಲಗೋದು ಅಂತ ಫೋನಲ್ಲೇ ಹೇಳಿದ್ದೆ ಇವಳಿಗೆ. ಅದನ್ನೇ ಹೇಳೋಕೆ ಬಾಯಿ ತೆರೆದೆ. ದಿಂಬು ಮುಖದ ಮೇಲೇ ಬಿತ್ತು." ಅವರ ಕೈ ತಾನಾಗಿ ತುಟಿ ಮುಟ್ಟಿಕೊಂಡಿತು. "ಉಸಿರು ಸಿಕ್ಕಲಿಲ್ಲ. ಇಷ್ಟೇ, ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ವರಾಂಡದ ಆ ತುದಿಯಿಂದ ಗೈಡು ಹುಡುಗ, 'ಟೀಚರ್, ಊಟ ಇಲ್ಲಿಗೇ ತರಿಸ್ಲಾ?' ಅಂತ ಕೂಗಿದ. ಬಂದೋನು ಎಲ್ಲಾ ಬಿಟ್ಟು ಬಾಗಿಲ ಪಕ್ಕದ ಹಿಂದಿನ ಮೆಟ್ಟಿಲಿಳಿದು ಓಡ್ದ. ಮುಖ ನೋಡ್ಲಿಲ್ಲ ನಾನು. ತುಟಿ ಒಡೆದು ರಕ್ತ. ಆ ಹುಡುಗ ತನ್ನ ಅಂಗೀಲೇ ಒರೆಸ್ದ."

"ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳ್ತೀನಿ ಅಂದೆ. ಅವನು ದೀಪ ಹಾಕಿ ಆ ದಿಂಬು ಕೈಗೆತ್ಕೊಂಡ ನೋಡಿ... ಸುಟ್ಟೋನ ಹಾಗೆ ಕೆಳಗೆ ಬಿಟ್ಬಿಟ್ಟ. ನನ್ನ ಕಾಲಿಗೆ ಬಿದ್ದ. ಎರಡು ದಿನ ಕೊಡಿ ಟೀಚರ್, ಯಾರು ಅಂತ ನಾನೇ ಪತ್ತೆ ಹಚ್ತೀನಿ, ಅಲ್ಲೀವರೆಗೆ ನೀವು ಎಲ್ಲಿದೀರ ಅಂತ ಯಾರಿಗೂ ಗೊತ್ತಾಗಬಾರದು ಅಂದ. ಹಿಂದಿನ ಎರಡು ಪ್ರವಾಸದಲ್ಲೂ ನನ್ನಂಥ ಒಬ್ಬೊಬ್ಬ ಮುದುಕಿ ಹೀಗೇ ನಿದ್ದೇಲಿ ಹೋದ್ರಂತೆ. ಎರಡು ಸಲಾನೂ ತಲೆಯಡೀಲಿ ಇಂಥದ್ದೇ ದಿಂಬು."

ಇಬ್ಬರೂ ದಿಂಬಕ್ಕನಿಗೆ ಚೆನ್ನಾಗಿ ನೆನಪಿದ್ದರು. ಔಷಧಿ ಅಂಗಡಿಯ ಅಜ್ಜಿ. ಆಮೇಲೆ ಹಾಡುಗಾರ್ತಿ ಅಜ್ಜಿ. ಹೃದಯ ನಿಂತಿದೆ ಎಂದಿದ್ದರು ವೈದ್ಯರು. ಇಬ್ಬರಿಗೂ ಸದ್ದಿಲ್ಲದ ಕೊನೇ ಕೋಣೆ ಆರಿಸಿ ಕೊಟ್ಟವಳು ಅವಳೇ. ಸುಖವಾಗಿ ನಿದ್ದೆಯಲ್ಲೇ ಹೋದರಲ್ಲ ಎಂದು ಕಣ್ಣೊರೆಸಿಕೊಂಡವಳೂ ಅವಳೇ!

ಟೀಚರಮ್ಮ ಒಳಗೆ ಹೋಗಿ ದಿಂಬು ತಂದು ಇನ್ಸ್‌ಪೆಕ್ಟರ್ ಕೈಗಿಟ್ಟರು. ತೆಳು ಹತ್ತಿ ದಿಂಬು. ಅಂಚಿನಲ್ಲಿ ನೀಲಿ ದಾರದ ಅಡ್ಡಹೊಲಿಗೆ. ಮಧ್ಯದಲ್ಲಿ ರಕ್ತದ ಕಲೆ.

"ಇದು ಯಾರ ಹೊಲಿಗೆಮ್ಮಾ?"

"ನಂದು" ಎಂದಳು ದಿಂಬಕ್ಕ. ಸುಳ್ಳು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. "ಆದ್ರೆ ಈ ಸಲ ನಾನು ಕಳಿಸಿಲ್ಲ ಸಾರ್. ಬೇಡ ಅಂದಿದ್ರು, ಅದಕ್ಕೇ ಕಳಿಸ್ಲಿಲ್ಲ. ನಮ್ಮನೇ ಬೀರುವಲ್ಲೇ ಇದ್ದದ್ದು ಇದು."

"ಬೀರುವಿಂದ ಇಳಿದು ಇಲ್ಲೀತನಕ ನಡ್ಕೊಂಡು ಬಂತಾ?"

ಅವಳು ಅಂಚಿನ ನೀಲಿ ದಾರವನ್ನೇ ನೋಡಿದಳು.

"ಒಂಟಿ ಹೆಂಗಸು ಯಾರು, ಯಾವ ಕೋಣೆ, ಇದನ್ನೆಲ್ಲ ಗೊತ್ತುಮಾಡೋದು ಯಾರು?"

"ನಾನು."

"ಕೋಣೆಗೆ ದಿಂಬು ಮುಟ್ಟಿಸೋದು?"

"ಪುಟ್ಟ..." ಎಂದವಳು ನಾಲಿಗೆ ಕಚ್ಚಿಕೊಂಡಳು. ತಮ್ಮನನ್ನು ಬಿಡಿಸಲು ಬಂದವಳ ಬಾಯಿಂದ ಎಂಥಾ ಮಾತು ಬಂತು! "ಇಲ್ಲ ಸಾರ್, ಅವನಲ್ಲ! ಅವನೇ ಅಲ್ವಾ ಇವರನ್ನ ಉಳಿಸಿದ್ದು? ಟೀಚರಮ್ಮಾ, ನೀವೇ ಹೇಳೀಮ್ಮಾ!"

"ಅವನಲ್ಲ" ಎಂದರು ಟೀಚರಮ್ಮ. "ಅವನು ವರಾಂಡದಲ್ಲಿ ಕೂಗಿದಾಗ ಇನ್ನೊಬ್ಬ ನನ್ನ ಎದೆ ಮೇಲೆ ಮೊಣಕಾಲೂರಿದ್ದ. ಅವನು ಅಲ್ವೇ ಅಲ್ಲ. ಆದ್ರೆ ಕಳಿಸಿದ್ದು ಯಾರು ಅಂತ ಅವನಿಗೆ ಗೊತ್ತು ಅನ್ಸುತ್ತೆ." ಅವರು ಮೊದಲ ಸಲ ದಿಂಬಕ್ಕನನ್ನು ನೇರವಾಗಿ ನೋಡಿದರು. "ನಾನು ಕೇಳ್ದೆ ಕಣಮ್ಮ. ನಿಮ್ಮಕ್ಕ ಇಂಥ ಕೆಲಸ ಮಾಡೋಳಾ ಅಂತ ಬಾಯಿಬಿಟ್ಟು ಕೇಳ್ದೆ. ಅಲ್ಲ ಅಂತಾನೆ ಅಂದ್ಕೊಂಡಿದ್ದೆ. ಅವನು ಅತ್ತ."

ದಿಂಬಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಅವಳು ಅಲ್ಲೇ, ನೆಲಕ್ಕಿಳಿಸಿದ್ದ ಹಾಸುಗಳ ರಾಶಿಯ ಮೇಲೆ ಕುಸಿದು ಕುಳಿತಳು. ಎರಡು ದಿನದಿಂದ ಅವನು ತುಟಿ ಬಿಚ್ಚದಿದ್ದದ್ದು, ಮುಖ ನೋಡದಿದ್ದದ್ದು, ಎಲ್ಲ ಅವಳಿಗೋಸ್ಕರ. ಅವಳು ಅವನನ್ನು ಬಿಡಿಸಲು ಮೆಟ್ಟಿಲು ಮೆಟ್ಟಿಲು ಹತ್ತಿಳಿಯುತ್ತಿದ್ದರೆ, ಅವನು ಅವಳನ್ನು ಉಳಿಸಲು ಕಂಬಿಯ ಹಿಂದೆ ಕೂತಿದ್ದ. ಅಕ್ಕ ಕೊಲೆಗಾರ್ತಿ ಎಂದು ನಂಬಿಕೊಂಡೇ ಕೂತಿದ್ದ!

"ನನ್ನ ಪುಟ್ಟ ಹಾಗೆ ಅಂದ್ಕೊಂಡ್ನಾ?" ಎಂದಳು. ಯಾರನ್ನು ಕೇಳಿದಳೋ ಅವಳಿಗೇ ತಿಳಿಯದು.

ಇನ್ಸ್‌ಪೆಕ್ಟರ್ ಕೆಮ್ಮಿದರು. ಆಮೇಲೆ ಠಾಣೆಗೆ ಫೋನ್ ಹಚ್ಚಿದರು. "ಆ ಗೈಡನ್ನ ಕರ್ಕೊಂಡ್ ಬಾ ಫೋನಿಗೆ... ಹೂಂ, ಬೇಗ." ದಿಂಬಕ್ಕ ಕೈಮುಗಿದಳು. ಅವರು ಫೋನಿನ ಸದ್ದು ಎಲ್ಲರಿಗೂ ಕೇಳುವ ಹಾಗೆ ಮಾಡಿ ಕಿಟಕಿಯ ಮೇಲಿಟ್ಟರು.

"ಹಲೋ" ಎಂದ ಪುಟ್ಟ.

"ನೋಡಪ್ಪಾ, ಟೀಚರಮ್ಮ ಸಿಕ್ಕಿದಾರೆ. ಚೆನ್ನಾಗಿದಾರೆ. ನೀನೇ ಉಳಿಸ್ದೆ ಅಂತ ಹೇಳಿದಾರೆ. ನಿನ್ನ ಮೇಲೆ ಇನ್ನು ಕೊಲೆ ಕೇಸಿಲ್ಲ."

ಆ ಕಡೆ ಉಸಿರು ಬಿಟ್ಟ ಸದ್ದು. ಆಮೇಲೆ ತಡೆದು ತಡೆದು ಒಂದು ಪ್ರಶ್ನೆ. "ಯಾರು ಸಾರ್ ಹುಡುಕಿದ್ದು?"

"ನಿಮ್ಮಕ್ಕಾನೇ. ಇಲ್ಲೇ ಇದಾರೆ. ದಿಂಬೂ ಸಿಕ್ತು."

ದಿಂಬಕ್ಕ ಎದ್ದು ಫೋನಿನತ್ತ ಬಾಗಿದಳು. "ಪುಟ್ಟಾ, ಕೇಳೋ ಇಲ್ಲಿ, ನಾನಲ್ಲ ಕಣೋ. ನಿನ್ನಾಣೆಗೂ ನಾನಲ್ಲ."

"ಸಾರ್, ಬರ್ಕೊಳ್ಳಿ" ಎಂದ ಪುಟ್ಟ. ಅಕ್ಕನ ಮಾತು ಕೇಳಿಸಲೇ ಇಲ್ಲವೆಂಬಂತೆ, ಬಾಯಿಪಾಠ ಒಪ್ಪಿಸುವ ಧ್ವನಿಯಲ್ಲಿ ಹೇಳಿದ. "ಟೀಚರ್ ಕೋಣೆಗೆ ಬಂದಿದ್ದೋನು ನಾನು ಕಳಿಸಿದ ಆಳು. ಹಿಂದಿನ ಅಜ್ಜೀರನ್ನ ಕೊಂದಿದ್ದೂ ನಾನೇ. ಅಕ್ಕನಿಗೆ ಏನೂ ಗೊತ್ತಿಲ್ಲ."

"ಸುಳ್ಳು!" ಎಂದು ಕಿರುಚಿದರು ಟೀಚರಮ್ಮ.

"ಇಬ್ಬರನ್ನೂ ನೀನೇ ಅಂತೀಯಾ?" ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿತ್ತು.

"ಇಬ್ಬರಲ್ಲ ಸಾರ್, ಮೂವರು. ನಮ್ಮಮ್ಮನ್ನೂ ಸೇರಿಸ್ಕೊಳ್ಳಿ."

ಫೋನು ಕಟ್ಟಾಯಿತು.

ಮ್ಯಾನೇಜರ್ ಕೈಯಲ್ಲಿದ್ದ ಹಲಗೆ ಕೈಯಲ್ಲೇ ಉಳಿಯಿತು.

ಅಮ್ಮ. ಅಮ್ಮನೂ ನಿದ್ದೆಯಲ್ಲೇ ಹೋಗಿದ್ದಳು. ಬೆಳಿಗ್ಗೆ ಕಾಫಿ ಹಿಡಿದು ಹೋದ ದಿಂಬಕ್ಕನಿಗೆ ತಣ್ಣಗಿನ ಹಣೆ ಸಿಕ್ಕಿತ್ತು. ಅಮ್ಮನದೂ ಹೃದಯವೇ ಎಂದಿದ್ದರು. ಅದು ಹಾಗಲ್ಲದೆ ಬೇರೆ ಹೇಗೋ ಇರಬಹುದೆಂದು ಇಷ್ಟು ವರ್ಷದಲ್ಲಿ ಅವಳು ಒಂದು ದಿನವೂ ಯೋಚಿಸಿರಲಿಲ್ಲ. ಪುಟ್ಟ ಯೋಚಿಸಿದ್ದಾನೆ. ಯಾವಾಗಿನಿಂದ? ಯಾರ ಬಾಯಿಂದ ಕೇಳಿ?

"ಹೌದೇನಮ್ಮಾ?" ಇನ್ಸ್‌ಪೆಕ್ಟರ್ ಧ್ವನಿ ತಗ್ಗಿತ್ತು. "ನಿಮ್ಮ ತಾಯಿನೂ ಅವನೇ...?"

"ಇಲ್ಲ! ಅವನು ಆಗ ಸಣ್ಣ ಹುಡುಗ ಸಾರ್. ಅವತ್ತು ಊರಲ್ಲೇ ಇರ್ಲಿಲ್ಲ, ಶಾಲೆಯೋರ ಜೊತೆ ಪ್ರವಾಸ ಹೋಗಿದ್ದ. ನಾವೇ ಹೇಳಿಕಳಿಸಿ ಕರೆಸಿದ್ದು."

"ನಾವೇ ಅಂದ್ರೆ? ಅವತ್ತು ಮನೇಲಿ ಯಾರ್ಯಾರಿದ್ರಿ?"

ದಿಂಬಕ್ಕ ಬಾಯಿ ತೆರೆದಳು. ಪುಟ್ಟನನ್ನು ಉಳಿಸುವ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದು ಇನ್ನೊಬ್ಬರನ್ನು ಸಿಕ್ಕಿಸುವ ಉತ್ತರವೂ ಆಗಿತ್ತು.

"ನಾನು" ಎಂದಳು. "ಮತ್ತೆ ನಮ್ಮನೆಯವರು. ಮದುವೆಯಾಗಿ ಇನ್ನೂ ಒಂದು ತಿಂಗಳಾಗಿರ್ಲಿಲ್ಲ."

"ಬಸ್ಸು ಓಡ್ಸೋರಾ?"

"ಹೂಂ."

"ಈಗೆಲ್ಲಿದಾರೆ ಅವರು?"

ಬೀರುವಿನ ದಿಂಬನ್ನು ಬಸ್ಸಿಗೆ ಹಾಕಿಕೊಂಡು ಬರಬಲ್ಲವರು ಅವರೊಬ್ಬರೇ ಎಂದು ಅವಳಿಗೆ ಆಗ ಹೊಳೆಯಿತು. ಕಿಟಕಿಯ ಮೇಲಿದ್ದ ಫೋನನ್ನು ಎರಡೂ ಕೈಯಲ್ಲಿ ಬಾಚಿ ಇನ್ಸ್‌ಪೆಕ್ಟರ್ ಕೈಗೆ ತುರುಕಿದಳು.

"ಠಾಣೇಲಿ ಸಾರ್! ಪುಟ್ಟನಿಗೆ ಊಟ ಕೊಟ್ಟು ಬರ್ತೀನಿ ಅಂತ ಹೋದ್ರು. ಅವನ ಪಕ್ಕದಲ್ಲೇ ಇದಾರೆ."